ಗರ್ಭಕೋಶದ ಬ್ಯಾಕ್ಟೀರಿಯಾ ರಿಪೋರ್ಟ್ ಹಿಡಿದು ಬಂದ ದಂಪತಿ: ಪಾಂಡವಪುರ ಕಡೆಯ ಒಂದು ಪ್ರಕರಣ

ಹೆಣ್ಣುಮಗಳಿಗೆ 31 ವರ್ಷ. ಊರು ಪಾಂಡವಪುರ ಕಡೆ, ವಿ.ಸಿ. ನಾಲೆಯ ನೀರು ಹರಿಯುವ ಒಂದು ಹಳ್ಳಿ. ಗಂಡ ಕಬ್ಬು ಬೆಳೆಯುತ್ತಾರೆ, ಮನೆಯಲ್ಲಿ ಹಸುಗಳಿವೆ, ಬೆಳಿಗ್ಗೆ ಸಂಜೆ ಡೈರಿಗೆ ಹಾಲು ಹಾಕುತ್ತಾರೆ. ಮದುವೆಯಾಗಿ 8 ವರ್ಷ. ಎರಡನೇ ವರ್ಷ ಬಸುರಿಯಾಗಿದ್ದರು. 10ನೇ ವಾರಕ್ಕೆ ಸ್ಕ್ಯಾನ್ ಮಾಡಿದಾಗ ಮಗುವಿನ ಎದೆಬಡಿತ ಇರಲಿಲ್ಲ. ಹತ್ತಿರದ ಒಂದು ನರ್ಸಿಂಗ್ ಹೋಮಿನಲ್ಲಿ ಕ್ಲೀನ್ ಮಾಡಿಸಿದರು. ಆಮೇಲೆ ಮತ್ತೆ ನಿಲ್ಲಲೇ ಇಲ್ಲ.

ಮೈಸೂರಿನ ನನ್ನ ಕ್ಲಿನಿಕ್ಕಿಗೆ ಅವರು ಬರುವ ಹೊತ್ತಿಗೆ ಬೇರೆ ಕಡೆ ಎರಡು ಸಲ ಐವಿಎಫ್ ಭ್ರೂಣ ಹಾಕಿಸಿಕೊಂಡಾಗಿತ್ತು. ಎರಡೂ ಸಲ ಐದನೇ ದಿನದ ಒಳ್ಳೆಯ ಭ್ರೂಣಗಳೇ. ಎರಡೂ ಕಚ್ಚಿಕೊಳ್ಳಲಿಲ್ಲ. ಇನ್ನೂ ಎರಡು ಭ್ರೂಣ ಫ್ರೀಜರಿನಲ್ಲಿದ್ದವು. ಗಂಡನ ವೀರ್ಯ ಪರೀಕ್ಷೆ ಸರಿಯಿತ್ತು. ಥೈರಾಯಿಡ್, ಸಕ್ಕರೆ, ಅಂಡಾಶಯದ ಶಕ್ತಿ ಯಾವುದರಲ್ಲೂ ದೊಡ್ಡ ತೊಂದರೆ ಇರಲಿಲ್ಲ. ಮೂರನೇ ಸಲ ಹಾಕುವ ಮುಂಚೆ ಆ ಸೆಂಟರಿನವರು ಗರ್ಭಕೋಶದ ಒಳಪದರದಿಂದ ಚೂರು ತೆಗೆದು ಎರಡು ಪರೀಕ್ಷೆಗೆ ಕಳಿಸಿದ್ದರು. ಆ ಎರಡು ರಿಪೋರ್ಟ್‌ಗಳೇ ಈ ಬರಹಕ್ಕೆ ಕಾರಣ.

ದಂಪತಿಯ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಎರಡು ಹಾಳೆ

ಮೊದಲನೆಯದು ಗರ್ಭಕೋಶದ ಸೂಕ್ಷ್ಮಜೀವಿಗಳ ಪರೀಕ್ಷೆ. ಬಣ್ಣಬಣ್ಣದ ಚಕ್ರದ ಚಿತ್ರ. ಒಳ್ಳೆಯ ಬ್ಯಾಕ್ಟೀರಿಯಾ ಎನ್ನುವ ಲ್ಯಾಕ್ಟೋಬ್ಯಾಸಿಲಸ್ ಶೇ. 11, ಗಾರ್ಡ್ನೆರೆಲ್ಲಾ ಶೇ. 46, ಸ್ಟ್ರೆಪ್ಟೊಕಾಕಸ್ ಶೇ. 19, ಉಳಿದದ್ದು ಪ್ರೆವೊಟೆಲ್ಲಾ ಮತ್ತಿತರ ಹೆಸರುಗಳು. ಕೆಳಗೆ ಕೆಂಪು ಅಕ್ಷರದಲ್ಲಿ 'ಅಸಹಜ'. ಎರಡನೆಯದು ಟಿ.ಬಿ. ಪಿಸಿಆರ್, ಅಂದರೆ ಟಿ.ಬಿ. ಕ್ರಿಮಿಯ ಡಿಎನ್‌ಎ ಹುಡುಕುವ ಪರೀಕ್ಷೆ. ಅದರಲ್ಲಿ 'ಪಾಸಿಟಿವ್'.

ಸಲಹೆ ಹೀಗಿತ್ತು: ಮೂರು ಥರದ ಆಂಟಿಬಯೋಟಿಕ್, ಮೂರು ತಿಂಗಳು ದುಬಾರಿ ಪ್ರೊಬಯೋಟಿಕ್ ಕ್ಯಾಪ್ಸೂಲ್, ಜೊತೆಗೆ ಆರು ತಿಂಗಳ ಟಿ.ಬಿ. ಚಿಕಿತ್ಸೆ. ಆಮೇಲೆ ಮೂರನೇ ಭ್ರೂಣ.

'ಮೇಡಂ, ಒಳಗೆ ಒಳ್ಳೆ ಹುಳ ಎಲ್ಲಾ ಸತ್ತೋಗಿ ಕೆಟ್ಟ ಹುಳ ಸೇರ್ಕಂಡವಂತೆ. ಅದ್ಕೇ ನಿಲ್ತಿಲ್ವಂತೆ' ಎಂದರು ಆಕೆ. ಅತ್ತೆ ಪಕ್ಕದಲ್ಲೇ ಕೂತಿದ್ದರು. ಅವರ ಚಿಂತೆಯೇ ಬೇರೆ. 'ಟಿ.ಬಿ. ಅಂದ್ರೆ ಊರಲ್ಲಿ ತಟ್ಟೆ ಲೋಟ ಬೇರೆ ಇಡ್ತಾರೆ ಮೇಡಮ್ಮೋರೆ. ಯಾರ್ಗೂ ಗೊತ್ತಾಗ್‌ಬಾರ್ದು.' ಮೈಸೂರು ಸೀಮೆಯ ಹಳಬರಿಗೆ ಟಿ.ಬಿ. ಎಂದರೆ ಇವತ್ತಿಗೂ ಕೆ.ಆರ್.ಎಸ್. ರಸ್ತೆಯ ಪಿ.ಕೆ. ಸ್ಯಾನಟೋರಿಯಂ ನೆನಪು. ಅರಮನೆಯ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರೇ ಈ ಕಾಯಿಲೆಗೆ ಬಲಿಯಾದರು. ಅವರ ನೆನಪಿಗೆ ಎದ್ದ ಆಸ್ಪತ್ರೆ ಅದು. ಹಾಗಾಗಿ ಆ ಅತ್ತೆಯ ಹೆದರಿಕೆಯನ್ನು ನಾನು ಸುಮ್ನೆ ತಳ್ಳಿಹಾಕಲಿಲ್ಲ. ಆದರೆ ಹೆದರುವ ಮೊದಲು ಆ ಕಾಯಿಲೆ ನಿಜವಾಗಿ ಇದೆಯಾ ಅಂತ ನೋಡಬೇಕಲ್ವಾ?

ಈ ವಿಜ್ಞಾನ ಎಲ್ಲಿಂದ ಬಂತು

ಗರ್ಭಕೋಶದಲ್ಲಿ ಬ್ಯಾಕ್ಟೀರಿಯಾ ಇರುತ್ತವೆ ಎಂಬುದು ಸುಳ್ಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ 'ಇವೆಲ್ಲ ದುಡ್ಡು ಮಾಡೋ ದಾರಿ' ಎಂದು ಒಂದೇ ಮಾತಿನಲ್ಲಿ ಮುಗಿಸುವವರೂ ಇದ್ದಾರೆ. ಅದು ಸರಿಯಲ್ಲ.

ಯೋನಿಯಲ್ಲಿ ಒಳ್ಳೆಯ ಬ್ಯಾಕ್ಟೀರಿಯಾ ಇವೆ ಎಂಬುದು ಹಳೆಯ ವಿಷಯ. ಜರ್ಮನಿಯ ಸ್ತ್ರೀರೋಗ ತಜ್ಞ ಆಲ್ಬರ್ಟ್ ಡೋಡರ್‌ಲೈನ್ 1892ರಲ್ಲೇ ಅವನ್ನು ವಿವರಿಸಿದ್ದರು. ಇವತ್ತು ನಾವು ಲ್ಯಾಕ್ಟೋಬ್ಯಾಸಿಲಸ್ ಎನ್ನುವುದು ಆ ಗುಂಪನ್ನೇ. ಈಸ್ಟ್ರೊಜೆನ್ ಹಾರ್ಮೋನಿನಿಂದಾಗಿ ಯೋನಿಯ ಗೋಡೆಯಲ್ಲಿ ಗ್ಲೈಕೊಜೆನ್ ಶೇಖರವಾಗುತ್ತದೆ. ಅದರಿಂದ ಬರುವ ಸಕ್ಕರೆಯನ್ನು ಇವು ತಿಂದು ಲ್ಯಾಕ್ಟಿಕ್ ಆಮ್ಲ ಬಿಡುತ್ತವೆ. ಅದರಿಂದ ಅಲ್ಲಿನ ಪಿಎಚ್ ಸುಮಾರು 3.5ರಿಂದ 4.5ರ ಒಳಗೆ ಉಳಿಯುತ್ತದೆ. ಆ ಹುಳಿಯಲ್ಲಿ ಬೇರೆ ಬ್ಯಾಕ್ಟೀರಿಯಾಗಳಿಗೆ ಬೆಳೆಯುವುದು ಕಷ್ಟ.

ಗರ್ಭಕೋಶದ ಕಥೆ ಬೇರೆ. 1900ರ ಸುಮಾರಿಗೆ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯ ಹೆನ್ರಿ ಟಿಸಿಯೆ ಮಗು ತಾಯಿಯ ಗರ್ಭದಲ್ಲಿ ಯಾವ ಕ್ರಿಮಿಯೂ ಇಲ್ಲದೆ ಬೆಳೆಯುತ್ತದೆ ಎಂದರು. ನೂರು ವರ್ಷ ಎಲ್ಲರೂ ಅದನ್ನೇ ನಂಬಿದರು. ನಮಗೂ ಕಾಲೇಜಿನಲ್ಲಿ ಅದನ್ನೇ ಹೇಳಿಕೊಟ್ಟದ್ದು. 2015ರಲ್ಲಿ ಅಮೆರಿಕದ ಒಂದು ತಂಡ, ಬೇರೆ ಕಾರಣಕ್ಕೆ ಗರ್ಭಕೋಶ ತೆಗೆಸಿಕೊಂಡ 58 ಮಹಿಳೆಯರ ಗರ್ಭಕೋಶವನ್ನು ಡಿಎನ್‌ಎ ಪರೀಕ್ಷೆಯಿಂದ ನೋಡಿತು. ಶೇ. 95 ಜನರಲ್ಲಿ ಯೋನಿಯಲ್ಲಿ ಕಾಣುವ ಬ್ಯಾಕ್ಟೀರಿಯಾಗಳ ಗುರುತು ಮೇಲೂ ಸಿಕ್ಕಿತು. ಆದರೆ ತುಂಬಾ ಕಡಿಮೆ ಪ್ರಮಾಣದಲ್ಲಿ.

ಮಾರನೇ ವರ್ಷ, 2016ರಲ್ಲಿ, ಸ್ಪೇನ್‌ನ ವೆಲೆನ್ಸಿಯಾದ ಇನ್ಮಾಕುಲಾದಾ ಮೊರೆನೊ ಮತ್ತವರ ಸಂಗಡಿಗರು ಐವಿಎಫ್ ಮಾಡಿಸಿಕೊಳ್ಳುತ್ತಿದ್ದ 35 ಮಹಿಳೆಯರ ಮೇಲೆ ಮಾಡಿದ ಅಧ್ಯಯನ ಬಂತು. ಒಳಪದರದ ಮಾದರಿಯಲ್ಲಿ ಲ್ಯಾಕ್ಟೋಬ್ಯಾಸಿಲಸ್ ಶೇ. 90ಕ್ಕಿಂತ ಜಾಸ್ತಿ ಇದ್ದವರದು ಒಂದು ಗುಂಪು, ಕಡಿಮೆ ಇದ್ದವರದು ಇನ್ನೊಂದು. ಮೊದಲ ಗುಂಪಿನಲ್ಲಿ ಮಗು ಹುಟ್ಟಿದ ಪ್ರಮಾಣ ಶೇ. 58.8. ಎರಡನೆಯದರಲ್ಲಿ ಶೇ. 6.7. ಈ ವ್ಯತ್ಯಾಸ ನೋಡಿದರೆ ಯಾರಿಗಾದರೂ ಎದೆ ಝಲ್ಲೆನ್ನುತ್ತದೆ. ಇವತ್ತು ಈ ಪರೀಕ್ಷೆ ಮಾರುವ ಕರಪತ್ರಗಳ ಹಿಂದೆ ಇರುವುದು ಬಹುಪಾಲು ಈ ಅಂಕಿ. 2022ರಲ್ಲಿ ಅದೇ ತಂಡದವರು 342 ಮಹಿಳೆಯರ ದೊಡ್ಡ ಅಧ್ಯಯನ ಪ್ರಕಟಿಸಿದರು. ಅಲ್ಲೂ ಲ್ಯಾಕ್ಟೋಬ್ಯಾಸಿಲಸ್ ಜಾಸ್ತಿ ಇರುವುದಕ್ಕೂ ಮಗು ಹುಟ್ಟುವುದಕ್ಕೂ, ಗಾರ್ಡ್ನೆರೆಲ್ಲಾ, ಸ್ಟ್ರೆಪ್ಟೊಕಾಕಸ್, ಕ್ಲೆಬ್ಸಿಯೆಲ್ಲಾ ಥರದವು ಇರುವುದಕ್ಕೂ ಸೋಲಿಗೂ ನಂಟು ಕಂಡಿತು.

ನಂಟು ಇದೆ, ಒಪ್ಪಿದೆ. ಆದರೆ ಆ ಬ್ಯಾಕ್ಟೀರಿಯಾಗಳಿಂದಲೇ ಭ್ರೂಣ ಕಚ್ಚಿಕೊಳ್ಳಲಿಲ್ಲವಾ, ಅಥವಾ ಒಳಪದರ ಮೊದಲೇ ಕೆಟ್ಟಿದ್ದರಿಂದ ಅವು ಅಲ್ಲಿ ಸೇರಿಕೊಂಡವಾ? ನಂಟು ಕಂಡ ಮಾತ್ರಕ್ಕೆ ಇದು ತೀರ್ಮಾನ ಆಗುವುದಿಲ್ಲ. ಆಂಟಿಬಯೋಟಿಕ್ ಕೊಟ್ಟು ಆ ಶೇಕಡಾವಾರು ಬದಲಿಸಿದರೆ ಮಗು ಆಗುತ್ತದೆ ಎಂಬುದು ಮೂರನೆಯದೇ ಆದ ಪ್ರಶ್ನೆ. ಯುರೋಪಿನ ಸಂತಾನ ಚಿಕಿತ್ಸಾ ತಜ್ಞರ ಸಂಘ 2023ರ ತನ್ನ ಸಲಹೆಗಳಲ್ಲಿ ಈ ಪರೀಕ್ಷೆಯನ್ನು ಎಲ್ಲರಿಗೂ ಮಾಡಿಸಿ ಎಂದು ಹೇಳಿಲ್ಲ.

ಮಾದರಿ ಎಲ್ಲಿಂದ ಬಂತು

ಈ ಪ್ರಕರಣದಲ್ಲಿ ನಾನು ಜಾಸ್ತಿ ಹೊತ್ತು ಕಳೆದದ್ದು ಇಲ್ಲಿ.

ಗರ್ಭಕೋಶದ ಒಳಗಿಂದ ಚೂರು ತೆಗೆಯಲು ಸಣ್ಣ ಕೊಳವೆ ಹಾಕಬೇಕು. ಅದು ಯೋನಿ ದಾಟಿ, ಗರ್ಭಕಂಠ ದಾಟಿ ಒಳಗೆ ಹೋಗಬೇಕು. ಬೇರೆ ದಾರಿ ಇಲ್ಲ. ಯೋನಿಯಲ್ಲಿರುವ ಬ್ಯಾಕ್ಟೀರಿಯಾ ಪ್ರಮಾಣ ಗರ್ಭಕೋಶದಲ್ಲಿರುವುದಕ್ಕಿಂತ ನೂರರಿಂದ ಹತ್ತು ಸಾವಿರ ಪಟ್ಟು ಜಾಸ್ತಿ. ಕೊಳವೆಯ ತುದಿಗೆ ಕೆಳಗಿನದು ಒಂದಿಷ್ಟು ಅಂಟಿಕೊಂಡರೂ ಸಾಕು, ರಿಪೋರ್ಟ್ ಯೋನಿಯದಾಗುತ್ತದೆ, ಹೆಸರು ಮಾತ್ರ ಗರ್ಭಕೋಶದ್ದು. ಇದನ್ನು ತಡೆಯಲು ಒಂದರೊಳಗೊಂದು ಎರಡು ಕೊಳವೆ ಬಳಸುವವರಿದ್ದಾರೆ. ಹೊರಗಿನದು ಗರ್ಭಕಂಠ ದಾಟಿದ ಮೇಲೆ ಒಳಗಿನದನ್ನು ಮುಂದೆ ತಳ್ಳುತ್ತಾರೆ. ಇವರಿಗೆ ಹೇಗೆ ತೆಗೆದರು ಎಂಬುದು ಯಾವ ಕಾಗದದಲ್ಲೂ ಇರಲಿಲ್ಲ.

ಲ್ಯಾಬಿನಲ್ಲೂ ತೊಂದರೆ ಇದೆ. ಡಿಎನ್‌ಎ ತೆಗೆಯುವ ದ್ರಾವಣಗಳಲ್ಲೇ, ಪ್ಲಾಸ್ಟಿಕ್ ಕೊಳವೆಗಳಲ್ಲೇ ಬ್ಯಾಕ್ಟೀರಿಯಾದ ಡಿಎನ್‌ಎ ಚೂರುಗಳಿರುತ್ತವೆ. ಮಲದಂಥ ಮಾದರಿಯಲ್ಲಿ ಅದು ಲೆಕ್ಕಕ್ಕೆ ಬರುವುದಿಲ್ಲ. ಗರ್ಭಕೋಶದಂಥ ಕಡೆ, ಇರುವುದೇ ಕಡಿಮೆ ಇರುವಾಗ, ಈ ಕಸವೇ ಕಣ್ಣಿಗೆ ಹೊಡೆಯುತ್ತದೆ. ಗರ್ಭದ ಮಾಸಿನ ವಿಷಯದಲ್ಲಿ ಇದು ದೊಡ್ಡ ಜಗಳವನ್ನೇ ಎಬ್ಬಿಸಿತ್ತು. ಮಾಸಿನಲ್ಲಿ ಅದರದೇ ಆದ ಬ್ಯಾಕ್ಟೀರಿಯಾ ಲೋಕವಿದೆ ಎಂದು 2014ರಲ್ಲಿ ಒಂದು ತಂಡ ಹೇಳಿತು. 2019ರಲ್ಲಿ ಕೇಂಬ್ರಿಜ್‌ನ ತಂಡ 537 ಮಹಿಳೆಯರ ಮಾಸು ಪರೀಕ್ಷಿಸಿ, ಎಚ್ಚರಿಕೆಯಿಂದ ಕಸ ಬೇರ್ಪಡಿಸಿ, ಅಂಥ ಲೋಕವೇನೂ ಇಲ್ಲ ಎಂದಿತು. ಸುಮಾರು ಶೇ. 5 ಮಾದರಿಗಳಲ್ಲಿ ಒಂದು ಜಾತಿಯ ಸ್ಟ್ರೆಪ್ಟೊಕಾಕಸ್ ಮಾತ್ರ ನಿಜಕ್ಕೂ ಇತ್ತು.

ಇನ್ನು ಶೇಕಡಾವಾರು. ಹತ್ತು ಮನೆಯ ಊರಿನಲ್ಲಿ ಐದು ಮನೆ ಹೊರಗಿನವರದಾದರೆ ಅದೂ ಶೇ. 50, ಹತ್ತು ಸಾವಿರ ಮನೆಯ ಊರಿನಲ್ಲಿ ಐದು ಸಾವಿರ ಮನೆ ಹೊರಗಿನವರದಾದರೆ ಅದೂ ಶೇ. 50. ಈ ರಿಪೋರ್ಟ್ ಎರಡನ್ನೂ ಒಂದೇ ಚಕ್ರದಲ್ಲಿ ತೋರಿಸುತ್ತದೆ. ಗಾರ್ಡ್ನೆರೆಲ್ಲಾ ಶೇ. 46 ಎಂದರೆ ಎಷ್ಟು ಬ್ಯಾಕ್ಟೀರಿಯಾ? ಬೆರಳೆಣಿಕೆಯಷ್ಟಾ, ಗುಂಪು ಗುಂಪಾ? ಅದು ತಿಳಿಯುವುದೇ ಇಲ್ಲ. ಗಂಡನಿಗೆ ಇದನ್ನು ವಿವರಿಸಿದಾಗ ಅವರು ತಕ್ಷಣ ಕೇಳಿದರು: 'ಹಂಗಾರೆ ಈ ಕೆಂಪು ಅಕ್ಷರ ಯಾಕ್ ಹಾಕವ್ರೆ ಮೇಡಂ?' ನ್ಯಾಯವಾದ ಪ್ರಶ್ನೆ. ಶೇ. 90 ಎಂಬ ಗೆರೆ ಬಂದದ್ದು ಆ 35 ಜನರ ಅಧ್ಯಯನದಿಂದ. ನಮ್ಮ ಮಂಡ್ಯ, ಮೈಸೂರಿನ ಆರೋಗ್ಯವಂತ ತಾಯಂದಿರನ್ನು ನೋಡಿ ಎಳೆದ ಗೆರೆ ಅಲ್ಲ.

ಯಾರೂ ಕೇಳದ ಪ್ರಶ್ನೆಗಳು

ರಿಪೋರ್ಟ್ ಪಕ್ಕಕ್ಕಿಟ್ಟು ಆಕೆಯ ಜೊತೆ ಕೂತು ಮಾತಾಡಿದೆ. ಅತ್ತೆಯನ್ನು, ಗಂಡನನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿದೆ. ಇದು ಮುಖ್ಯ. ನಮ್ಮ ಹೆಣ್ಣುಮಕ್ಕಳು ಬಿಳಿಸೆರಗಿನ ವಿಷಯವನ್ನು ಅತ್ತೆಯ ಎದುರು ಬಿಚ್ಚಿ ಹೇಳುವುದಿಲ್ಲ.

ಕ್ಲೀನ್ ಮಾಡಿಸಿದ ಮೇಲೆ ಏನಾದರೂ ಆಯಿತಾ ಎಂದು ಕೇಳಿದೆ. ಒಂದು ವಾರ ಜ್ವರ ಇತ್ತಂತೆ. ಕೆಳಹೊಟ್ಟೆ ನೋವು, ಕೆಟ್ಟ ವಾಸನೆಯ ಸ್ರಾವ. ಊರಿನ ಕಾಂಪೌಂಡರ್ ಇಂಜೆಕ್ಷನ್ ಕೊಟ್ಟರು, ಜ್ವರ ಬಿಟ್ಟಿತು, ಎಲ್ಲರೂ ಮರೆತರು. ಅಲ್ಲಿಂದ ಈಚೆಗೆ ಮುಟ್ಟಿಗೆ ಎರಡು ಮೂರು ದಿನ ಮುಂಚೆಯೇ ರಕ್ತದ ಕಲೆ ಕಾಣಿಸಿಕೊಳ್ಳುತ್ತದೆ. ಆಗಾಗ ಮೀನಿನ ವಾಸನೆಯ ಬಿಳಿಸೆರಗು. ಅದಕ್ಕೆ ಗಾಯ ತೊಳೆಯುವ ಔಷಧವನ್ನು ನೀರಿಗೆ ಬೆರೆಸಿ ದಿನಾ ಒಳಗೆಲ್ಲ ತೊಳೆದುಕೊಳ್ಳುತ್ತಿದ್ದರು. ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಒಂದು 'ಕಿಟ್' ಕೊಡುತ್ತಾರೆ. ಅಜಿಥ್ರೊಮೈಸಿನ್, ಸೆಕ್ನಿಡಜೋಲ್, ಫ್ಲುಕೊನಜೋಲ್ ಮೂರೂ ಒಂದೇ ಪೊಟ್ಟಣದಲ್ಲಿ, ಒಂದೇ ದಿನದಲ್ಲಿ ನುಂಗುವುದು. ಆ ಕಿಟ್ ಅನ್ನು ಗರ್ಭಕೋಶದ ಚೂರು ತೆಗೆಯುವ ಮೂರು ವಾರ ಮೊದಲಷ್ಟೇ ತೆಗೆದುಕೊಂಡಿದ್ದರು.

ನನ್ನ ದೃಷ್ಟಿಯಲ್ಲಿ ಆ ಬಣ್ಣದ ಚಕ್ರಕ್ಕಿಂತ ಈ ಮಾತುಗಳು ಬೆಲೆಯುಳ್ಳವು. ಅಜಿಥ್ರೊಮೈಸಿನ್ ಒಳ್ಳೆಯ ಲ್ಯಾಕ್ಟೋಬ್ಯಾಸಿಲಸ್ ಅನ್ನೂ ಹೊಡೆಯಬಲ್ಲದು. ದಿನಾ ಔಷಧದ ನೀರಿನಲ್ಲಿ ತೊಳೆದರೆ ಇರುವ ಹುಳಿಯೂ ಹೋಗುತ್ತದೆ. ಅಂಥ ಹೊತ್ತಿನಲ್ಲಿ ತೆಗೆದ ಮಾದರಿಯಲ್ಲಿ ಲ್ಯಾಕ್ಟೋಬ್ಯಾಸಿಲಸ್ ಶೇ. 11 ಇರುವುದು ಆಶ್ಚರ್ಯವೇನಲ್ಲ. ಇನ್ನೊಂದು ಕಡೆ, ಗರ್ಭ ಕ್ಲೀನ್ ಮಾಡಿಸಿದ ಮೇಲಿನ ಜ್ವರ, ಮುಟ್ಟಿನ ಮುಂಚಿನ ಕಲೆ, ಎರಡು ಒಳ್ಳೆಯ ಭ್ರೂಣ ಸೋತದ್ದು. ಇವು ಮೂರೂ ಸೇರಿದರೆ ನನಗೆ ಅನುಮಾನ ಬರುವುದು ಒಳಪದರದ ದೀರ್ಘಕಾಲದ ಉರಿಯೂತದ ಮೇಲೆ. ವೈದ್ಯರು ಇದನ್ನು ಕ್ರಾನಿಕ್ ಎಂಡೊಮೆಟ್ರೈಟಿಸ್ ಎನ್ನುತ್ತಾರೆ. ಜ್ವರ ಇರುವುದಿಲ್ಲ, ನೋವೂ ಹೆಚ್ಚಿರುವುದಿಲ್ಲ. ಎಷ್ಟೋ ಹೆಣ್ಣುಮಕ್ಕಳಿಗೆ ಅದು ಇದೆ ಎಂಬುದೇ ಗೊತ್ತಿರುವುದಿಲ್ಲ.

ಪರೀಕ್ಷೆ

ಯೋನಿಯ ಪರೀಕ್ಷೆ ಮೊದಲು. ಪಿಎಚ್ 5. ಸ್ಲೈಡ್ ನೋಡಿದಾಗ ನುಜೆಂಟ್ ಅಂಕ 8. ಈ ಅಂಕ 0ರಿಂದ 3 ಇದ್ದರೆ ಸರಿ, 7ರಿಂದ 10 ಇದ್ದರೆ ಬ್ಯಾಕ್ಟೀರಿಯಲ್ ವಜೈನೋಸಿಸ್, ಅಂದರೆ ಯೋನಿಯಲ್ಲಿ ಒಳ್ಳೆಯ ಬ್ಯಾಕ್ಟೀರಿಯಾ ಕುಗ್ಗಿ ಬೇರೆಯವು ಹೆಚ್ಚುವ ಸೋಂಕು. ಕಡಿಮೆ ಖರ್ಚಿನ, ಗಾಜಿನ ಪಟ್ಟಿಯ ಪರೀಕ್ಷೆ ಇದು. ಆ ದೊಡ್ಡ ರಿಪೋರ್ಟಿನ ಅರ್ಧ ವಿಷಯವನ್ನು ಇದೇ ಹೇಳಿತು.

ಆಮೇಲೆ ಮುಟ್ಟು ಮುಗಿದು, ಎಂಟು ಒಂಬತ್ತನೇ ದಿನದ ಹೊತ್ತಿಗೆ ಹಿಸ್ಟೆರೋಸ್ಕೋಪಿ ಮತ್ತು ಲ್ಯಾಪರೋಸ್ಕೋಪಿ ಎರಡನ್ನೂ ಒಂದೇ ಅರಿವಳಿಕೆಯಲ್ಲಿ ಮಾಡಿದೆವು. ಗರ್ಭಕೋಶದ ಒಳಗೆ ಕ್ಯಾಮೆರಾ ಹಾಕಿದಾಗ ಪದರ ಅಲ್ಲಲ್ಲಿ ಕೆಂಪಗೆ ಊದಿಕೊಂಡಿತ್ತು. ಒಂದು ಮಿಲಿಮೀಟರಿಗಿಂತ ಚಿಕ್ಕ ಪಾಲಿಪ್‌ಗಳು, ಅಂದರೆ ಪದರದಿಂದ ಹೊರಚಾಚಿದ ಕುಡಿಗಳು, ನೀರಿನಲ್ಲಿ ಅಲುಗಾಡುತ್ತಿದ್ದವು. ಇದು ಉರಿಯೂತದ ಗುರುತು. ಹೊಟ್ಟೆಯ ಒಳಗೆ ನೋಡಿದರೆ ಎರಡೂ ಅಂಡನಾಳ ತೆರೆದಿದ್ದವು. ಗಂಟಿಲ್ಲ, ಅಂಟಿಕೊಂಡದ್ದಿಲ್ಲ, ಟಿ.ಬಿ.ಯ ಬಿಳಿ ಕಾಳುಗಳಿಲ್ಲ. ಜನನಾಂಗದ ಟಿ.ಬಿ. ಬಹುಪಾಲು ಮೊದಲು ಹಿಡಿಯುವುದು ಈ ನಾಳಗಳನ್ನೇ.

ಚೂರನ್ನು ಮೂರು ಪಾಲು ಮಾಡಿದೆವು. ಒಂದು ಸಾಮಾನ್ಯ ಬ್ಯಾಕ್ಟೀರಿಯಾಗಳನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಕಲ್ಚರಿಗೆ, ಒಂದು ಟಿ.ಬಿ.ಗಾಗಿ ಸಿಬಿನ್ಯಾಟ್ (ಟಿ.ಬಿ. ಕ್ರಿಮಿಯ ಡಿಎನ್‌ಎ ಹುಡುಕುವ ಇನ್ನೊಂದು ಪರೀಕ್ಷೆ) ಮತ್ತು ದ್ರವ ಕಲ್ಚರಿಗೆ, ಒಂದು ಪೆಥಾಲಜಿಗೆ. ಪೆಥಾಲಜಿಯವರಿಗೆ ಸಿಡಿ138 ಬಣ್ಣ ಹಾಕಿ ಪ್ಲಾಸ್ಮಾ ಕಣಗಳನ್ನು ಹುಡುಕಿ ಎಂದು ಬರೆದೆ. ಪ್ಲಾಸ್ಮಾ ಕಣಗಳು ಪ್ರತಿಕಾಯ ತಯಾರಿಸುವ ಬಿಳಿ ರಕ್ತಕಣಗಳು. ಒಳಪದರದ ತಿರುಳಿನಲ್ಲಿ ಇವುಗಳಿಗೆ ಸಾಮಾನ್ಯವಾಗಿ ಕೆಲಸ ಇರುವುದಿಲ್ಲ. ಅವು ಅಲ್ಲಿ ಬಂದು ಕೂತಿವೆ ಎಂದರೆ ದೇಹ ಅಲ್ಲಿ ಯಾವುದರ ಮೇಲೋ ಹೋರಾಡುತ್ತಿದೆ. ಅಂಥ ಪದರದಲ್ಲಿ ಭ್ರೂಣವನ್ನು ಬರಮಾಡಿಕೊಳ್ಳುವ ರಾಸಾಯನಿಕ ಮಾತುಕತೆ ಏರುಪೇರಾಗುತ್ತದೆ. ಸಾಮಾನ್ಯ ಬಣ್ಣದಲ್ಲಿ ಇವು ಕಣ್ಣು ತಪ್ಪುವುದು ಸುಲಭ, ಅದಕ್ಕೇ ಈ ವಿಶೇಷ ಬಣ್ಣ. ಇದಕ್ಕೂ ಮಿತಿ ಇದೆ. ಗ್ರಂಥಿಗಳ ಅಂಚಿನ ಕಣಗಳೂ ಇದೇ ಬಣ್ಣ ಹಿಡಿಯುತ್ತವೆ, ಮತ್ತು ಎಷ್ಟು ಪ್ಲಾಸ್ಮಾ ಕಣ ಇದ್ದರೆ ಕಾಯಿಲೆ ಎನ್ನುವುದಕ್ಕೆ ಲ್ಯಾಬಿನಿಂದ ಲ್ಯಾಬಿಗೆ ಲೆಕ್ಕ ಬೇರೆ. ನುರಿತ ಪೆಥಾಲಜಿಸ್ಟ್ ಬೇಕು.

ಫಲಿತಾಂಶ: ಪ್ಲಾಸ್ಮಾ ಕಣಗಳು ಸ್ಪಷ್ಟವಾಗಿ, ಗುಂಪಾಗಿಯೇ ಇದ್ದವು. ಟಿ.ಬಿ.ಯಲ್ಲಿ ಕಾಣುವ ಗ್ರಾನುಲೋಮಾ ಎಂಬ ಕಣಗಳ ಗಂಟು ಇರಲಿಲ್ಲ. ಸಿಬಿನ್ಯಾಟ್ ನೆಗೆಟಿವ್. ಸಾಮಾನ್ಯ ಕಲ್ಚರಿನಲ್ಲಿ ಏನೂ ಬೆಳೆಯಲಿಲ್ಲ. ಟಿ.ಬಿ. ದ್ರವ ಕಲ್ಚರಿಗೆ ಆರು ವಾರ ಕಾದೆವು, ಅದರಲ್ಲೂ ಏನೂ ಬರಲಿಲ್ಲ. ಎದೆಯ ಎಕ್ಸ್‌ರೇ ಸರಿಯಿತ್ತು, ಮನೆಯಲ್ಲಿ ಯಾರಿಗೂ ಟಿ.ಬಿ. ಆಗಿರಲಿಲ್ಲ.

ಟಿ.ಬಿ. ಪಿಸಿಆರ್ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಅದು ಡಿಎನ್‌ಎ ಚೂರನ್ನು ಹುಡುಕುವ ಪರೀಕ್ಷೆ. ಕ್ರಿಮಿ ಜೀವಂತವಾ, ಎಂದೋ ಸತ್ತದ್ದಾ, ಲ್ಯಾಬಿನ ಬೇರೆ ಮಾದರಿಯಿಂದ ಹಾರಿಬಂದದ್ದಾ ಎಂದು ಅದಕ್ಕೆ ಗೊತ್ತಾಗುವುದಿಲ್ಲ. ಬೇರೆ ಯಾವ ಆಧಾರವೂ ಇಲ್ಲದೆ ಆ ಒಂದು ಹಾಳೆ ನೋಡಿ ಆರು ತಿಂಗಳು ಮಾತ್ರೆ ಕೊಡುವುದನ್ನು ನಾನು ಒಪ್ಪುವುದಿಲ್ಲ. ಆ ಮಾತ್ರೆಗಳು ಲಿವರಿಗೆ ಪೆಟ್ಟು ಕೊಡಬಹುದು, ಅವುಗಳಲ್ಲಿ ಒಂದಾದ ಎಥಂಬ್ಯುಟಾಲ್‌ನಿಂದ ಕಣ್ಣಿನ ತೊಂದರೆ ಬರಬಹುದು, ಆರು ತಿಂಗಳು ವಯಸ್ಸೂ ಹೋಗುತ್ತದೆ. ಹಾಗಂತ ನಮ್ಮ ದೇಶದಲ್ಲಿ ಜನನಾಂಗದ ಟಿ.ಬಿ. ಇಲ್ಲ ಎಂದಲ್ಲ. ಅದು ನಿಜಕ್ಕೂ ಇರುವವರಲ್ಲಿ ಒಳಪದರವನ್ನೇ ತಿಂದುಹಾಕಬಹುದು, ಮುಟ್ಟೇ ನಿಂತುಹೋಗಬಹುದು. ಅಂಥವರಿಗೆ ಚಿಕಿತ್ಸೆ ತಡಮಾಡಬಾರದು. ಸರ್ಕಾರದ ಕಾರ್ಯಕ್ರಮದಲ್ಲಿ ಅದು ಉಚಿತ. ಹುಡುಕಿ ಖಾತ್ರಿ ಮಾಡಿಕೊಳ್ಳಿ ಎಂಬುದಷ್ಟೇ ನನ್ನ ಹಠ.

ಇನ್ನು ಕಲ್ಚರಿನಲ್ಲಿ ಏನೂ ಬೆಳೆಯಲಿಲ್ಲ ಎಂದೆನಲ್ಲ. ಡಿಎನ್‌ಎ ಪರೀಕ್ಷೆಗೆ ನಿಜವಾದ ಬೆಲೆ ಇರುವುದು ಇಲ್ಲೇ. ಎಷ್ಟೋ ಬ್ಯಾಕ್ಟೀರಿಯಾಗಳು ಲ್ಯಾಬಿನ ತಟ್ಟೆಯಲ್ಲಿ ಬೆಳೆಯುವುದಿಲ್ಲ. ಉರಿಯೂತ ಖಾತ್ರಿಯಾಗಿ, ಮೊದಲ ಔಷಧ ಕೆಲಸ ಮಾಡದೆ ಹೋದಾಗ, ಶುದ್ಧವಾಗಿ ತೆಗೆದ ಮಾದರಿಯಲ್ಲಿ ಯಾವುದಿದೆ ಎಂದು ತಿಳಿಯಲು ಅದು ನೆರವಾಗಬಹುದು. ಮೊದಲ ಹೆಜ್ಜೆಯಾಗಿ ಬೇಡ.

ಚಿಕಿತ್ಸೆ

ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ, ದಿನಕ್ಕೆ ಎರಡು ಸಲ, 14 ದಿನ. ಈ ಉರಿಯೂತಕ್ಕೆ ಹೆಚ್ಚಾಗಿ ಮೊದಲು ಕೊಡುವುದು ಇದನ್ನೇ. ಊಟದ ಮೇಲೆ, ತುಂಬಿದ ಲೋಟ ನೀರಿನ ಜೊತೆ ನುಂಗಬೇಕು. ನುಂಗಿದ ತಕ್ಷಣ ಮಲಗಬಾರದು, ಅನ್ನನಾಳದಲ್ಲಿ ಹುಣ್ಣಾಗುತ್ತದೆ. ಹಾಲಿನ ಜೊತೆ ಬೇಡ. ಈ ಮಾತ್ರೆ ನುಂಗುವಾಗ ಬಿಸಿಲಿಗೆ ಚರ್ಮ ಸುಡುತ್ತದೆ. ಆಕೆ ಗದ್ದೆಯಲ್ಲಿ ಕೆಲಸ ಮಾಡುವವರು. 'ಎರಡು ವಾರ ಕಬ್ಬಿನ ಗದ್ದೆ ಕಡೆ ಹೋಗಬೇಡಮ್ಮ' ಎಂದೆ. ಅತ್ತೆ ತಾವೇ ಹೋಗುತ್ತೇನೆ ಎಂದರು.

ಯೋನಿಯ ಸೋಂಕಿಗೆ ಮೆಟ್ರೊನಿಡಜೋಲ್ 400 ಮಿ.ಗ್ರಾಂ, ದಿನಕ್ಕೆ ಎರಡು, 7 ದಿನ. ಗಂಡನಿಗೂ ಅದೇ ಮಾತ್ರೆ, ಜೊತೆಗೆ ಹಚ್ಚಲು ಕ್ಲಿಂಡಾಮೈಸಿನ್ ಕ್ರೀಮ್. 'ನಂಗೇನೂ ಇಲ್ವಲ್ಲ ಮೇಡಂ?' ಎಂದು ಅವರು ಹಿಂದೆಮುಂದೆ ನೋಡಿದರು. ಆಸ್ಟ್ರೇಲಿಯಾದಲ್ಲಿ 164 ಜೋಡಿಗಳ ಮೇಲೆ ನಡೆದು 2025ರಲ್ಲಿ ಪ್ರಕಟವಾದ ಅಧ್ಯಯನದ ವಿಷಯ ಹೇಳಿದೆ. ಹೆಂಡತಿಗೆ ಮಾತ್ರ ಔಷಧ ಕೊಟ್ಟಾಗ 12 ವಾರದಲ್ಲಿ ಶೇ. 63 ಜನರಿಗೆ ಈ ಸೋಂಕು ಮರಳಿ ಬಂತು. ಗಂಡನಿಗೂ ಕೊಟ್ಟಾಗ ಶೇ. 35. ಮತ್ತೆ ಮತ್ತೆ ಬರುವ ಬಿಳಿಸೆರಗನ್ನು ಹೆಂಗಸಿನ ಶುಚಿಯ ತಪ್ಪು ಎಂದೇ ಎಲ್ಲರೂ ನೋಡುತ್ತಾರೆ. ಆಕೆಯೂ ಹಾಗೇ ನಂಬಿ, ತನ್ನನ್ನೇ ಬೈದುಕೊಂಡು, ಔಷಧದ ನೀರಿನಲ್ಲಿ ಉಜ್ಜಿ ಉಜ್ಜಿ ತೊಳೆಯುತ್ತಿದ್ದರು. ಗಂಡ ಕೇಳಿಸಿಕೊಂಡು ಚೀಟಿ ಇಸಿದುಕೊಂಡರು. ಔಷಧ ತಪ್ಪದೆ ಮುಗಿಸಿದರು.

ಒಳಗೆ ತೊಳೆಯುವುದನ್ನು ಪೂರ್ತಿ ನಿಲ್ಲಿಸಿ, ಹೊರಗೆ ಬರೀ ನೀರು ಸಾಕು ಎಂದೆ. ಮೆಡಿಕಲ್ ಶಾಪಿನ ಕಿಟ್ ಬೇಡ ಎಂದೆ.

ಪ್ರೊಬಯೋಟಿಕ್ ಕೊಡಲಿಲ್ಲ. 'ನಮ್ಮನೇಲೇ ಮೊಸರು ಐತಲ್ಲ, ಅದ್ರಲ್ಲೂ ಅದೇ ಹುಳ ಇರ್ತವಂತೆ?' ಎಂದು ಅತ್ತೆ ಕೇಳಿದರು. ಮೊಸರು ಉಣ್ಣಲಿ, ಒಳ್ಳೆಯದೇ. ಆದರೆ ಮೊಸರಿನಲ್ಲಿ ಇರುವ ಲ್ಯಾಕ್ಟೋಬ್ಯಾಸಿಲಸ್ ಜಾತಿಗಳು ಬೇರೆ. ಹೆಣ್ಣಿನ ಯೋನಿಯಲ್ಲಿ ಕಾಪಾಡುವ ಮುಖ್ಯ ಜಾತಿ ಲ್ಯಾಕ್ಟೋಬ್ಯಾಸಿಲಸ್ ಕ್ರಿಸ್ಪೇಟಸ್. ತಿಂದ ಮೊಸರು ಅಲ್ಲಿಗೆ ಹೋಗಿ ನೆಲೆಸುವುದಿಲ್ಲ. ಮೊಸರನ್ನು ಒಳಗೆ ಹಚ್ಚಿಕೊಳ್ಳುವವರೂ ಇದ್ದಾರೆ, ಅದು ಖಂಡಿತ ಬೇಡ. ಕ್ರಿಸ್ಪೇಟಸ್ ಅನ್ನೇ ಯೋನಿಗೆ ಹಾಕಿ ನೋಡಿದ ಅಮೆರಿಕದ ಅಧ್ಯಯನ 2020ರಲ್ಲಿ ಬಂತು. ಒಟ್ಟು 228 ಮಹಿಳೆಯರು. ಕ್ರಿಸ್ಪೇಟಸ್ ಪಡೆದವರಲ್ಲಿ ಸೋಂಕು ಮರುಕಳಿಸಿದ್ದು ಶೇ. 30, ಸುಳ್ಳು ಔಷಧ ಪಡೆದವರಲ್ಲಿ ಶೇ. 45. ಇದು ಆಸೆ ಹುಟ್ಟಿಸುವ ಕೆಲಸ. ಆದರೆ ಅದು ಯೋನಿಯ ಸೋಂಕಿನ ಮಾತು, ಗರ್ಭಕೋಶದಲ್ಲಿ ಭ್ರೂಣ ಕಚ್ಚಿಕೊಳ್ಳುವ ಮಾತಲ್ಲ. ಆಕೆಗೆ ಬರೆದುಕೊಟ್ಟಿದ್ದ ಬಾಯಿಯಲ್ಲಿ ನುಂಗುವ ಕ್ಯಾಪ್ಸೂಲಿನಲ್ಲಿ ಆ ಜಾತಿಯೇ ಇರಲಿಲ್ಲ.

ಆಮೇಲೆ

ಔಷಧ ಮುಗಿದು ಒಂದು ಮುಟ್ಟು ಕಳೆದ ಮೇಲೆ ಮತ್ತೆ ಚೂರು ತೆಗೆದೆವು. ಈ ಸಲ ಅರಿವಳಿಕೆ ಬೇಕಾಗಲಿಲ್ಲ. ಇದನ್ನು ಬಿಡಬಾರದು. ಮಾತ್ರೆ ನುಂಗಿದ ಮಾತ್ರಕ್ಕೆ ಉರಿಯೂತ ಹೋಯಿತು ಎಂದುಕೊಂಡು ಭ್ರೂಣ ಹಾಕಿದರೆ ಅಮೂಲ್ಯವಾದ ಭ್ರೂಣ ಹಾಳು. ಪ್ಲಾಸ್ಮಾ ಕಣಗಳು ಕಾಣಲಿಲ್ಲ. ನುಜೆಂಟ್ ಅಂಕ 2ಕ್ಕೆ ಇಳಿದಿತ್ತು. ಮುಟ್ಟಿನ ಮುಂಚಿನ ಕಲೆ ನಿಂತಿತ್ತು. ಸೂಕ್ಷ್ಮಜೀವಿ ಪರೀಕ್ಷೆ ಮತ್ತೆ ಮಾಡಿಸೋಣವಾ ಎಂದು ಗಂಡ ಕೇಳಿದರು. ಬೇಡ ಎಂದೆ. ಅದರಲ್ಲಿ ಏನು ಬಂದರೂ ನಮ್ಮ ಮುಂದಿನ ಹೆಜ್ಜೆ ಬದಲಾಗುತ್ತಿರಲಿಲ್ಲ.

ಕಬ್ಬಿನ ದುಡ್ಡು ಬರುವವರೆಗೆ ಕಾದು, ಉಳಿದಿದ್ದ ಎರಡರಲ್ಲಿ ಒಂದು ಭ್ರೂಣ ಹಾಕಿಸಿಕೊಂಡರು. ಪರೀಕ್ಷೆ ಪಾಸಿಟಿವ್ ಬಂತು. 7ನೇ ವಾರಕ್ಕೆ ಎದೆಬಡಿತ ಕಂಡಿತು. 38ನೇ ವಾರಕ್ಕೆ ಸಿಸೇರಿಯನ್ ಆಗಿ ಹೆಣ್ಣುಮಗು, 2.7 ಕಿಲೋ. 

ಉರಿಯೂತ ವಾಸಿಯಾದದ್ದರಿಂದಲೇ ಈ ಮಗು ಎಂದು ನಾನು ಪ್ರಮಾಣ ಮಾಡಿ ಹೇಳಲಾರೆ. ಒಂದು ಒಳ್ಳೆಯ ಭ್ರೂಣ ಮೂರನೇ ಸಲ ತಾನಾಗಿಯೇ ನಿಲ್ಲಬಹುದಿತ್ತು. ಹಾಗೆ ನಿಂತವರಿದ್ದಾರೆ. ಒಬ್ಬರ ಪ್ರಕರಣದಿಂದ ಅದು ಸಾಬೀತಾಗುವುದಿಲ್ಲ. ಖಚಿತವಾಗಿ ಹೇಳಬಹುದಾದದ್ದು ಇಷ್ಟು: ಕಣ್ಣಿಗೆ ಕಂಡ ಒಂದು ಕಾಯಿಲೆ ಇತ್ತು, ಅದಕ್ಕೆ ಎರಡು ವಾರದ ಅಗ್ಗದ ಔಷಧ ಸಾಕಾಯಿತು, ಬೇಡದ ಆರು ತಿಂಗಳ ಮಾತ್ರೆ ತಪ್ಪಿತು.

ಆಕೆಯ ತಂಗಿಗೆ ಎಂಡೊಮೆಟ್ರಿಯೋಸಿಸ್ ಇದೆ. ಗರ್ಭಕೋಶದ ಒಳಪದರದಂಥ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆಯುವ ಬೇರೆಯೇ ಕಾಯಿಲೆ ಅದು. ಅಕ್ಕನ ಕಥೆ ಕೇಳಿ ಅವರೂ ಬಂದು, ತನಗೂ ಬ್ಯಾಕ್ಟೀರಿಯಾ ಔಷಧ ಕೊಡಿ ಎಂದರು. ಈ ಆಸೆಗೂ ಒಂದು ಮೂಲ ಇದೆ. ಜಪಾನಿನ ನಗೋಯಾ ವಿಶ್ವವಿದ್ಯಾಲಯದವರು 2023ರಲ್ಲಿ, ಎಂಡೊಮೆಟ್ರಿಯೋಸಿಸ್ ಇರುವ ಶೇ. 64 ಮಹಿಳೆಯರ ಒಳಪದರದಲ್ಲಿ ಫ್ಯೂಸೊಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾ ಕಂಡದ್ದನ್ನು ವರದಿ ಮಾಡಿದರು. ಆ ಕಾಯಿಲೆ ಇಲ್ಲದವರಲ್ಲಿ ಅದು ಶೇ. 10ಕ್ಕಿಂತ ಕಡಿಮೆ. ಇಲಿಗಳಿಗೆ ಆಂಟಿಬಯೋಟಿಕ್ ಕೊಟ್ಟಾಗ ಗಾಯಗಳು ಕಡಿಮೆಯಾದವು. ಇಲಿಗಳಲ್ಲಿ ಕಂಡದ್ದನ್ನು ನಂಬಿ ಈ ಹುಡುಗಿಗೆ ಈಗಲೇ ಆಂಟಿಬಯೋಟಿಕ್ ಬರೆಯಲು ನಾನು ತಯಾರಿಲ್ಲ. ಅವರಿಗೆ ಸದ್ಯ ಹಾರ್ಮೋನ್ ಚಿಕಿತ್ಸೆ ನಡೆಯುತ್ತಿದೆ.

ಫ್ರೀಜರಿನಲ್ಲಿ ಇನ್ನೂ ಒಂದು ಭ್ರೂಣ ಇದೆ. ಸಿಸೇರಿಯನ್ ಗಾಯ ಗಟ್ಟಿಯಾಗಲು ಕನಿಷ್ಠ ಒಂದೂವರೆ ವರ್ಷ ಬಿಡಿ ಎಂದಿದ್ದೇನೆ. ಆಗ ಹಾಕುವ ಮುಂಚೆ ಮುಟ್ಟಿನ ಇತಿಹಾಸ ಕೇಳುತ್ತೇನೆ, ಯೋನಿಯ ಸ್ಲೈಡ್ ನೋಡುತ್ತೇನೆ. ಮುಟ್ಟಿನ ಮುಂಚೆ ಕಲೆ ಮತ್ತೆ ಶುರುವಾಗಿದ್ದರೆ, ಅಥವಾ ಹೆರಿಗೆಯ ನಂತರ ಜ್ವರ ಬಂದಿದ್ದರೆ, ಸಿಡಿ138 ಜೊತೆ ಬಯಾಪ್ಸಿ. ಇಲ್ಲದಿದ್ದರೆ ನೇರವಾಗಿ ಭ್ರೂಣ. ಆಕೆಯ ಫೈಲಿನ ಮೊದಲ ಪುಟದಲ್ಲೇ ಇದನ್ನು ಬರೆದಿಟ್ಟಿದ್ದೇನೆ. ಜೊತೆಗೆ 'ಟಿ.ಬಿ. ಕಲ್ಚರ್ ನೆಗೆಟಿವ್' ಎಂಬ ಹಾಳೆಯ ಒಂದು ಪ್ರತಿಯನ್ನು ಅತ್ತೆಯೇ ಕೇಳಿ ಇಸಿದುಕೊಂಡು ಹೋಗಿದ್ದಾರೆ.